ಇಟ್ಟಿಗೆ ಜೋಡಿಸಿ ಬೈಕ್ ಎತ್ತಿ ನಿಲ್ಲಿಸಬಹುದೇ?

ಚಕ್ರ ಬಿಚ್ಚಬೇಕು, ಮನೆಯಲ್ಲಿ ಜಾಕ್ ಇಲ್ಲ. ಆಗ ಸಿಗುವ ಸಲಹೆ ಒಂದೇ: ‘ನಾಲ್ಕು ಇಟ್ಟಿಗೆ ಕೊಟ್ಟರೆ ಸಾಕು’. ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರಾದ ತಾಲ್ಲೂಕು. ಅದೇ ತಾಲ್ಲೂಕಿನ ಟೇಕಲ್ ಕಡೆ ಕಲ್ಲಿಗೂ ಬರವಿಲ್ಲ. ಹಾಗಾದರೆ ಈ ಸಲಹೆ ಸರಿಯೇ? ನೋಡೋಣ.

ಇಟ್ಟಿಗೆ ಭಾರ ತಡೆಯುತ್ತದೆಯೇ?

ತಡೆಯುತ್ತದೆ. ಐಎಸ್ 1077 ಮಾನದಂಡದ ಪ್ರಕಾರ ಅತಿ ಕೆಳ ದರ್ಜೆಯ ಸುಟ್ಟ ಇಟ್ಟಿಗೆಯೂ ಚದರ ಸೆಂ.ಮೀ.ಗೆ ಸುಮಾರು 35 ಕೆ.ಜಿ. ತಾಳಬೇಕು. ಸ್ಪ್ಲೆಂಡರ್‌ನಂಥ ಬೈಕ್ ತೂಗುವುದು ಸುಮಾರು 112 ಕೆ.ಜಿ. ಮಾತ್ರ.

ಮತ್ತೆ ಅಪಾಯ ಎಲ್ಲಿದೆ?

ಆ ಲೆಕ್ಕ ಭಾರ ಇಡೀ ಇಟ್ಟಿಗೆಯ ಮೇಲೆ ಸಮನಾಗಿ ಬಿದ್ದಾಗ ಮಾತ್ರ. ಬೋಲ್ಟ್ ತುದಿ ಅಥವಾ ಪೈಪಿನ ಅಂಚು ಒಂದೇ ಕಡೆ ಒತ್ತಿದರೆ, ಸ್ಪ್ಯಾನರ್ ಜಗ್ಗಿದಾಗ ಬೈಕ್ ಅಲುಗಿದರೆ, ಇಟ್ಟಿಗೆ ಬಾಗುವುದಿಲ್ಲ, ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಕಲ್ಲು ಸುಲಭಕ್ಕೆ ಸೀಳದು, ಆದರೆ ನುಣುಪಾದ ಕಲ್ಲಿನ ಮೇಲೆ ಕಬ್ಬಿಣ ಜಾರುತ್ತದೆ. ಎರಡರಲ್ಲೂ ಬೈಕ್ ಬೀಳುವುದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತವರ ಮೇಲೆ.

ಮನೆಯಲ್ಲೇ ಮಾಡುವುದಾದರೆ ಹೇಗೆ?

- ಗಟ್ಟಿಯಾದ ಸಮತಟ್ಟು ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಮಣ್ಣಿನ ನೆಲವಾದರೆ ಸ್ಟ್ಯಾಂಡಿನ ಎರಡೂ ಕಾಲಿನಡಿ ಒಂದೇ ಅಗಲ ಚಪ್ಪಡಿ ಇಡಿ. ಸೈಡ್ ಸ್ಟ್ಯಾಂಡ್ ಮಾತ್ರ ಇದ್ದರೆ ಈ ಕೆಲಸ ಬೇಡ.
- ಆಕ್ಸಲ್ ನಟ್ ಬಿಗಿಯಾಗಿದ್ದರೆ ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ.
- ಹಿಂದಿನ ಚಕ್ರ ಬಿಚ್ಚುವಾಗ ಮುಂದಿನ ಬ್ರೇಕ್ ಲಿವರನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲ್‌ಗೆ ಬಿಗಿಯಾಗಿ ಕಟ್ಟಿ. ಬೈಕ್ ಮುಂದಕ್ಕೆ ಉರುಳಿ ಸ್ಟ್ಯಾಂಡ್ ಮಡಚಿಕೊಳ್ಳುವುದಿಲ್ಲ.
- ಮುಂದಿನ ಚಕ್ರ ಬಿಚ್ಚಿದರೆ ಬೈಕ್ ಮುಂದಕ್ಕೆ ಮುಗ್ಗರಿಸುತ್ತದೆ. ಮೊದಲೇ ಎಂಜಿನ್ ಕೆಳಗಿನ ಫ್ರೇಮ್ ಪೈಪಿಗೆ ಅಗಲವಾದ ಮರದ ತುಂಡುಗಳನ್ನು ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಜೋಡಿಸಿ ಕೊಡಿ. ಅಲ್ಲಿ ಫ್ರೇಮ್ ಪೈಪ್ ಇಲ್ಲದ ಬೈಕನ್ನು ಮೆಕ್ಯಾನಿಕ್ ಹತ್ತಿರ ಒಯ್ಯಿರಿ.
- ಸೈಲೆನ್ಸರ್ ಅಥವಾ ಆಯಿಲ್ ಬೋಲ್ಟಿಗೆ ಆಧಾರ ಕೊಡಬೇಡಿ.

ಕಾರಿನ ಜಾಕ್ ಆಗದೇ?

ಎತ್ತಲು ಆಗುತ್ತದೆ, ನಡುವೆ ಮರದ ಹಲಗೆ ಇರಲಿ. ಆದರೆ ಅದರ ತಲೆ ಚಿಕ್ಕದು, ಬೈಕ್ ಪಕ್ಕಕ್ಕೆ ವಾಲಬಹುದು. ಎತ್ತಿದ ಮೇಲೆ ಮರದ ತುಂಡು ಕೊಟ್ಟು ಭಾರ ಅದರ ಮೇಲೆ ಇಳಿಸಿ.

ಚಕ್ರ ಬಿಚ್ಚುವ ಮೊದಲು ಸೀಟು ಹಿಡಿದು ಮೆಲ್ಲಗೆ ಅಲುಗಾಡಿಸಿ ನೋಡಿ. ಓಲಾಡಿದರೆ ಮತ್ತೆ ಜೋಡಿಸಿ. ಬೀಳುವ ಬೈಕನ್ನು ಹಿಡಿಯಲು ಹೋಗಬೇಡಿ, ಪಕ್ಕಕ್ಕೆ ಸರಿಯಿರಿ. ಮಕ್ಕಳು ಹತ್ತಿರ ಇರದಂತೆ ನೋಡಿಕೊಳ್ಳಿ.

ತೀರ್ಮಾನ: ಅರ್ಧ ಸತ್ಯ. ಇಟ್ಟಿಗೆ ಭಾರ ಹೊರುತ್ತದೆ, ಆದರೆ ಅದನ್ನು ನಂಬಿ ಬೈಕ್ ಪಕ್ಕ ಕೂರುವಂತಿಲ್ಲ.