ಮಿಶನರಿಗಳೂ ಮಕ್ಕಳ ಚಿಕಿತ್ಸೆಯೂ

‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗರು ಪತ್ನಿಯ ಅನಾರೋಗ್ಯದ ದೆಸೆಯಿಂದ 1860ರಲ್ಲಿ ಕೊಡಗನ್ನು ಬಿಟ್ಟು ಸ್ವದೇಶಕ್ಕೆ ತೆರಳಿದರು. ಸೂಯೆಜ್ ಕಾಲುವೆಯು ತೆರೆದುದು 1869ರಲ್ಲಿ. ಅದಕ್ಕೆ ಮುಂಚಿನ ಆ ಯಾನವು ರೋಗಿಗೆ ಸುಖಕರವಾಗಿದ್ದಿರಲಾರದು. ಕನ್ನಡಕ್ಕಂತೂ ಅದು ನಷ್ಟವೇ ಸರಿ.

ಮಿಶನರಿಯ ಮನೆಯವರಿಗಿದ್ದ ಈ ಸಮುದ್ರಮಾರ್ಗವು ನಾಡಿನ ರೋಗಪೀಡಿತ ಶಿಶುಗಳಿಗೆ ಎಲ್ಲಿಯದು? ಅವರ ಪಾಲಿಗೆ ವೈದ್ಯವೇ ಕಡಲನ್ನು ದಾಟಿ ಬರಬೇಕಾಯಿತು. ವೆಸ್ಲಿಯನ್ ಮಿಶನಿನವರು 1906ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಸ್ತ್ರೀಯರಿಗೂ ಮಕ್ಕಳಿಗೂ ತೆರೆದರು. 1923ರಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡರು ಉಡುಪಿಯಲ್ಲಿ ಚಿಕಿತ್ಸಾಲಯವನ್ನು ಆರಂಭಿಸಿದರು. ಆದರೂ ಆ ಕಾಲದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ತಾಯಂದಿರಿಗೆ ಮೈಸೂರೇ ಪರದೇಶದಷ್ಟು ದೂರ. ಕೂಸನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಮೊದಲು ರೈಲು ನಿಲ್ದಾಣವನ್ನು ಸೇರಬೇಕಾಗಿದ್ದಿತು.