ಹೊಯ್ಸಳ ನಾಡಿನಲ್ಲಿ ಉಪಾಧ್ಯಾಯರ ಶಿಕ್ಷಣ

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ಕೊರೆದಿರುವರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಗೆ ಬಂದವರು ಈಗಲೂ ಆ ಹೆಸರುಗಳನ್ನು ಓದಬಹುದು. ಆದರೆ ಆ ಶಿಲ್ಪಿಗಳಿಗೆ ಅಕ್ಷರ ತಿದ್ದಿಸಿದ ಉಪಾಧ್ಯಾಯನು ಯಾರೆಂಬುದನ್ನು ಅಲ್ಲಿಯ ಕಲ್ಲುಗಳು ಹೇಳುವುದಿಲ್ಲ.

ಹಾಗೆಂದು ಹೊಯ್ಸಳರು ಉಪಾಧ್ಯಾಯನನ್ನು ಅಲಕ್ಷಿಸಿದರೆಂದು ಭಾವಿಸಲಾಗದು. ಅರಸೀಕೆರೆಯ ಅಗ್ರಹಾರಕ್ಕೆ ಶಾಸನಗಳಲ್ಲಿ ‘ಸರ್ವಜ್ಞವಿಜಯ’ವೆಂಬ ಬಿರುದು ಸೇರಿಕೊಂಡಿರುವುದೇ ಅಲ್ಲಿಯ ವಿದ್ವತ್ತಿನ ಹೆಮ್ಮೆಗೆ ಸಾಕ್ಷಿ. ದೋರಸಮುದ್ರವು, ಎಂದರೆ ಈಗಿನ ಹಳೇಬೀಡು, ರಾಜಧಾನಿಯಾಗಿದ್ದ ಕಾಲದಲ್ಲಿ ಮೂರನೆಯ ನರಸಿಂಹನ ಮಂತ್ರಿಯಾದ ಪೆರುಮಾಳೆಯು 1290ರಲ್ಲಿ ತಲಕಾಡಿನ ಸಮೀಪದ ಮಾಲಂಗಿಯಲ್ಲಿ ಒಂದು ವಿದ್ಯಾಸ್ಥಾನವನ್ನು ಏರ್ಪಡಿಸಿದನು. ಅಲ್ಲಿ ವೇದಶಾಸ್ತ್ರಗಳ ಅಧ್ಯಾಪಕರಿಗೆ ಮಾತ್ರವಲ್ಲದೆ, ನಾಗರ, ಕನ್ನಡ, ತಿಗುಳ, ಆರ್ಯಗಳನ್ನು ಮಕ್ಕಳಿಗೆ ಕಲಿಸುವ ಬಾಲಶಿಕ್ಷೆಯವರಿಗೂ ಜೀವನೋಪಾಯವು ಗೊತ್ತಾಗಿದ್ದಿತು. ಕಲಿಸುವ ವಿದ್ಯೆಗೆ ಆಗ ಬೇರೆ ಪಾಠಶಾಲೆಯಿರಲಿಲ್ಲ. ಶಿಷ್ಯನು ಗುರುವಿನ ಬಳಿ ಕುಳಿತು, ಕಿರಿಯರಿಗೆ ಹೇಳಿಕೊಡುತ್ತಲೇ ಗುರುವಾಗುತ್ತಿದ್ದನು. ಆದರೆ ಕಲಿಸುವವನ ಅನ್ನದ ವಿಚಾರವನ್ನು ಮೊದಲೇ ಕಲ್ಲಿನಲ್ಲಿ ಬರೆಯಿಸಿಬಿಡುತ್ತಿದ್ದರು.

ಮುಂದೆ ಅರಸುತನಗಳು ಅಳಿದರೂ ಕೂಲಿಮಠಗಳು ಉಳಿದುವು. ಮರಳಿನ ಮೇಲೆ ಅಕ್ಷರ, ಬಾಯಿಪಾಠದ ಮಗ್ಗಿ, ಹಬ್ಬಹರಿದಿನಗಳ ಕಾಣಿಕೆ, ಇಷ್ಟರಲ್ಲಿಯೇ ಅವು ನಡೆಯುತ್ತಿದ್ದುವು. 1854ರಲ್ಲಿ ಇಂಗ್ಲೆಂಡಿನಿಂದ ಬಂದ ವುಡ್ಡರ ವಿದ್ಯಾಭ್ಯಾಸ ನಿರೂಪದ ತರುವಾಯ ಮೈಸೂರು ಸೀಮೆಯಲ್ಲಿಯೂ ವಿದ್ಯಾ ಇಲಾಖೆಯು ಏರ್ಪಟ್ಟಿತು. 1868ರ ಹೋಬಳಿ ಶಾಲೆಗಳ ಯೋಜನೆಯೊಡನೆ, ಹಳ್ಳಿಯ ಉಪಾಧ್ಯಾಯನನ್ನು ನಾರ್ಮಲ್ ಶಾಲೆಯಲ್ಲಿ ತರಬೇತುಗೊಳಿಸಬೇಕೆಂಬ ವಿಚಾರವು ಬೇರೂರಿತು. ಆ ಯೋಜನೆಯ ಕಾಲದಲ್ಲಿ ಇಲಾಖೆಯನ್ನು ನಡೆಯಿಸಿದ ಬಿ. ಎಲ್. ರೈಸರೇ ಮುಂದೆ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿ, ಅರಸೀಕೆರೆ ಬೇಲೂರುಗಳ ಕಲ್ಲುಗಳನ್ನು ಲೋಕವು ಓದುವಂತೆ ಮಾಡಿದರು. ಹೊಸ ಶಾಲೆಯನ್ನು ಕಟ್ಟಿದವರೇ ಹಳೆಯ ವಿದ್ಯಾಸ್ಥಾನದ ಲೆಕ್ಕವನ್ನೂ ಬಿಡಿಸಿದುದು ಸ್ಮರಣೀಯವಾದ ಸಂಗತಿ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವ ಮುನ್ನ ಈ ಸೀಮೆಯ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಉಪಾಧ್ಯಾಯ ಪದವಿಯನ್ನು ಬಯಸಿದವರ ಕಣ್ಣು ಸೈದಾಪೇಟೆಯ ಕಡೆಗೆ ಇರುತ್ತಿದ್ದಿತು. ಮೈಸೂರಿನಲ್ಲಿಯೇ ಬಿ. ಟಿ. ಪದವಿಯು ದೊರೆತ ಮೇಲೆ ದೂರವು ತಗ್ಗಿತು. ಹಾಸನದ ಮಾರ್ಗವಾಗಿ ಮೈಸೂರಿಗೆ ರೈಲು ಬಂದುದರಿಂದ ಅರಸೀಕೆರೆಯ ಹುಡುಗನಿಗೆ ಆ ಊರು ಒಂದು ದಿನದ ಪ್ರಯಾಣವಾಯಿತು. ರೈಲಿಲ್ಲದ ಬೇಲೂರು ಹಳೇಬೀಡುಗಳವರಿಗೆ ಮೊದಲು ಹಾಸನವನ್ನೇ ಮುಟ್ಟಬೇಕಾಗಿದ್ದಿತು. ವಿಶ್ವವಿದ್ಯಾನಿಲಯದ ಬಾಗಿಲು ಎಲ್ಲರಿಗೂ ತೆರೆದಿದ್ದರೂ ಅಲ್ಲಿಗೆ ಹೋಗುವ ದಾರಿಯು ಎಲ್ಲರಿಗೂ ಸಮನಾಗಿರಲಿಲ್ಲ.

1963ರಲ್ಲಿ ಮೈಸೂರಿನಲ್ಲಿ ಪ್ರಾಂತೀಯ ಶಿಕ್ಷಣ ಮಹಾವಿದ್ಯಾಲಯವು ಆರಂಭವಾಗಿ, ಪಾಠವಿಷಯವನ್ನೂ ಪಾಠ ಹೇಳುವ ಕ್ರಮವನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಕಲಿಸುವ ಪದ್ಧತಿಯು ಬಂದಿತು. ಇತರ ಕಾಲೇಜುಗಳಲ್ಲಿ ಪದವಿಯ ಮೇಲೆ ಒಂದು ವರ್ಷದ ಬಿ. ಎಡ್. ನಡೆಯಿತು, 2015ರಿಂದ ಅದು ಎರಡು ವರ್ಷವಾಯಿತು. ಅಭ್ಯಾಸಕ್ಕೆ ಅವಧಿ ಹೆಚ್ಚಿತು, ನಿಜ. ಆದರೆ ತೆಂಗು ರಾಗಿಗಳ ಆದಾಯವನ್ನೇ ನಂಬಿದ ಮನೆಯವರಿಗೆ ಮಗಳನ್ನೋ ಮಗನನ್ನೋ ಇನ್ನೊಂದು ವರ್ಷ ಓದಿಸುವುದು ಸಣ್ಣ ಹೊರೆಯಲ್ಲ. ಮೇಲಾಗಿ 2010ರಿಂದೀಚೆಗೆ ಒಂದರಿಂದ ಎಂಟನೆಯ ತರಗತಿಯವರೆಗಿನ ಉಪಾಧ್ಯಾಯನಾಗಲು ಅರ್ಹತಾ ಪರೀಕ್ಷೆಯೂ ಬೇಕು.

ಇದರ ಫಲವನ್ನು ಒಂದು ನಿದರ್ಶನದಿಂದ ತಿಳಿಯಬಹುದು. 2022ರಲ್ಲಿ ಕರ್ನಾಟಕ ಸರಕಾರವು ಆರರಿಂದ ಎಂಟನೆಯ ತರಗತಿಗಳಿಗಾಗಿ 15,000 ಉಪಾಧ್ಯಾಯರನ್ನು ಆರಿಸಲು ಹೊರಟಾಗ, ಪಟ್ಟಿಗೆ ಸೇರಿದವರು 13,000ಕ್ಕೆ ತುಸು ಮೇಲೆ ಮಾತ್ರ. ಒಂದು ಕಡೆ ಪದವಿ ಪಡೆದು ಕೆಲಸವಿಲ್ಲದವರು, ಇನ್ನೊಂದು ಕಡೆ ಉಪಾಧ್ಯಾಯರಿಲ್ಲದ ಶಾಲೆಗಳು. ನಡುವೆ ವರ್ಷವರ್ಷವೂ ಹೊಸದಾಗಿ ನೇಮಕವಾಗುವ ಅತಿಥಿ ಶಿಕ್ಷಕರು.

ಕಾಲೇಜಿಗೆ ಸೇರಿದವರನ್ನು ಎಣಿಸುವುದು ಸುಲಭ. ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು, ಮುಗಿಸಿದವರಲ್ಲಿ ಎಷ್ಟು ಮಂದಿ ಮಕ್ಕಳ ಮುಂದೆ ನಿಂತರು ಎಂಬ ಲೆಕ್ಕವೇ ನಾಡಿಗೆ ಮುಖ್ಯವಾದುದು. ಮಾಲಂಗಿಯ ಶಾಸನವು ವಿದ್ಯೆಯನ್ನೂ ವೃತ್ತಿಯನ್ನೂ ಒಂದೇ ಕಲ್ಲಿನಲ್ಲಿ ಬರೆಯಿತು. ಇವೆರಡನ್ನೂ ಬೇರೆಬೇರೆ ಕಡತಗಳಲ್ಲಿ ಇಟ್ಟಿರುವವರೆಗೆ ಉಪಾಧ್ಯಾಯರ ಶಿಕ್ಷಣವು ಅರ್ಧಕ್ಕೆ ನಿಂತ ಗೋಪುರದಂತೆಯೇ ಇರುವುದು.