ಡಿಸೆಂಬರ್ ತಿಂಗಳ ಹಾಜರಿ

ಮಲೆನಾಡಿನ ಪ್ರೌಢಶಾಲೆಗಳ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಹಾಗಾಗಿ ಕಳೆದ ಎರಡು ವರ್ಷಗಳಿಂದ ನಾನು ಓದುತ್ತಿರುವುದು ಕಥೆ, ಕಾದಂಬರಿಗಳಿಗಿಂತ ಹೆಚ್ಚಾಗಿ ಹಾಜರಿ ಪುಸ್ತಕಗಳನ್ನು. ಗೆದ್ದಲು ತಿಂದು ಬಿಟ್ಟ ಹಾಳೆಗಳು, ಮಸುಕಾದ ನೀಲಿ ಶಾಯಿ, ಹೆಸರಿನ ಮುಂದೆ ಸಾಲಾಗಿ ಗೀರುಗಳು, ಬಾರದ ದಿನ 'ಗೈ' ಎಂಬ ಒಂದೇ ಅಕ್ಷರ. ಶುರುವಿನಲ್ಲಿ ನಾನು ಮಳೆಗಾಲದ ಪುಟಗಳನ್ನೇ ಹುಡುಕುತ್ತಿದ್ದೆ. ಹಳ್ಳ ತುಂಬಿ, ಸಂಕ ಮುಳುಗಿ ಮಕ್ಕಳು ಶಾಲೆ ತಪ್ಪಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಹೊಸನಗರ ತಾಲ್ಲೂಕಿನ ಒಂದು ಶಾಲೆಯ ಕಪಾಟಿನೆದುರು ಕೂತು ಪುಟ ತಿರುವುವಾಗ ಕಣ್ಣಿಗೆ ಬಿದ್ದದ್ದು ಬೇರೆ. ಮಳೆ ನಿಂತು, ದಾರಿ ಒಣಗಿ, ಬಿಸಿಲು ಹಿತವಾಗಿರುವ ಡಿಸೆಂಬರ್‌ನಲ್ಲೂ 'ಗೈ'ಗಳು ಗುಂಪುಗುಂಪಾಗಿ ಬಂದಿದ್ದವು. ಅದೂ ಎಲ್ಲ ಹೆಸರುಗಳ ಮುಂದೆ ಅಲ್ಲ, ಕೆಲವು ಹೆಸರುಗಳ ಮುಂದೆ ಮಾತ್ರ.

ಆ ಸಂಜೆ ಮನೆಗೆ ಹೋಗಿ ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ನಕ್ಕಳು. "ಅದ್ಕೆ ನೀನು ಅಷ್ಟು ದೂರ ಹೋಗ್ಬೇಕಿತ್ತಾ? ನನ್ನ ಕೇಳಿದ್ರೆ ಆಗ್ತಿತ್ತು."

ಬೆಂಗಳೂರಿನ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವಳು ಕಾನ್ವೆಂಟಿನಲ್ಲಿ ಓದಿದವಳು. "ನಿಮಗೆ ಕ್ರಿಸ್‌ಮಸ್ ರಜೆ ಎಷ್ಟು ದಿನ ಇರುತ್ತಿತ್ತು?" ಎಂದು ಒಮ್ಮೆ ಕೇಳಿದ್ದಳು. ಒಂದು ದಿನ ಎಂದೆ. ಅವಳಿಗೆ ಆಶ್ಚರ್ಯ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಉದ್ದದ ರಜೆ ಎರಡೇ, ದಸರಾ ಮತ್ತು ಬೇಸಿಗೆ. ಡಿಸೆಂಬರ್ 25 ಒಂದು ದಿನದ ರಜೆ, ಅಷ್ಟೆ. ಕ್ರೈಸ್ತ ಸಂಸ್ಥೆಗಳು ನಡೆಸುವ ಶಾಲೆಗಳು ದಸರಾ ರಜೆಯಲ್ಲಿ ಕೆಲವು ದಿನ ಉಳಿಸಿಕೊಂಡು ಕ್ರಿಸ್‌ಮಸ್‌ಗೆ ಹೊಂದಿಸಿಕೊಳ್ಳುವುದುಂಟು. ಹಾಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿ ಹೈಸ್ಕೂಲುಗಳಲ್ಲಿ ಓದಿದವರಿಗೆ ಕ್ರಿಸ್‌ಮಸ್‌ಗೆ ಮುಂಚಿನ ವಾರಗಳೆಂದರೆ ರಜೆಗೆ ಕಾಯುವ ದಿನಗಳಲ್ಲ. ಪಾಠ ಮುಗಿಸುವ ಗಡಿಬಿಡಿ, ಪ್ರವಾಸ, ಶಾಲಾ ವಾರ್ಷಿಕೋತ್ಸವ, ಹತ್ತನೆಯವರಿಗೆ ಸಂಜೆಯ ವಿಶೇಷ ತರಗತಿ. ಅದೇ ವಾರಗಳಲ್ಲಿ ಮನೆಯಲ್ಲಿ ಅಡಿಕೆ ಕೊಯ್ಲು, ಗದ್ದೆ ಕೊಯ್ಲು. ರಜೆಯೇ ಇಲ್ಲದ ತಿಂಗಳಲ್ಲಿ ಕೆಲವು ಮಕ್ಕಳು ರಜೆ ಮಾಡಿಕೊಳ್ಳಲೇಬೇಕಾಗಿತ್ತು.

ಹೈಸ್ಕೂಲೆಂಬುದೇ ನಮ್ಮ ಈ ಭಾಗಕ್ಕೆ ತಡವಾಗಿ ಬಂದದ್ದು. ಕುಪ್ಪಳಿಯ ಪುಟ್ಟಪ್ಪನವರು ತೀರ್ಥಹಳ್ಳಿಯ ಎ.ವಿ. ಸ್ಕೂಲಿನಲ್ಲಿ ಓದಿ, ಮುಂದಿನ ಓದಿಗೆ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಹೋಗಬೇಕಾಯಿತು. ಮಲೆನಾಡಿನ ಹುಡುಗನೊಬ್ಬ ಹೈಸ್ಕೂಲು ಓದಬೇಕೆಂದರೆ ಮನೆ, ತೋಟ, ಕಾಡು ಎಲ್ಲ ಬಿಟ್ಟು ಅಷ್ಟು ದೂರ ಹೋಗಬೇಕಿದ್ದ ಕಾಲ ಅದು. ಹಾಗೆ ಹೋಗಬಲ್ಲವರು ಎಷ್ಟು ಜನ? 1967ರಲ್ಲಿ ಬಂದ ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಮೇಗರವಳ್ಳಿಯ ಸುತ್ತ ಓಡಾಡುವ ಪಾದ್ರಿಯೊಬ್ಬ ಬರುತ್ತಾನೆ. ಶಾಲೆ ಕಟ್ಟುವ ಅವನ ಹವಣಿಕೆಯನ್ನು ಜನ ಕುತೂಹಲದಿಂದಲೂ ಅನುಮಾನದಿಂದಲೂ ನೋಡುತ್ತಾರೆ. ಶಾಲೆಯಷ್ಟೇ ಬೆರಗು ಹುಟ್ಟಿಸುವುದು ಕಾದಂಬರಿಯೊಳಗೆ ಬರುವ ಬೈಸಿಕಲ್ಲು. ಅದನ್ನು ಓದುವಾಗಲೆಲ್ಲ ನನಗೆ ನನ್ನ ಎಂಟನೇ ತರಗತಿ ನೆನಪಾಗುತ್ತದೆ. 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ನಮಗೂ ಸೈಕಲ್ಲು ಸಿಕ್ಕಿತ್ತು. ಕಾದಂಬರಿಯ ಜನ ಬಾಯಿಬಿಟ್ಟು ನೋಡಿದ ವಸ್ತುವನ್ನು ನಾವು ಕಲ್ಲುದಾರಿಯ ಏರಿನಲ್ಲಿ ಏದುಸಿರು ಬಿಡುತ್ತಾ ತಳ್ಳಿಕೊಂಡು ಹೋಗುತ್ತಿದ್ದೆವು. ಅಂತೂ ಶಾಲೆ ಹತ್ತಿರ ಬಂತು, ಸೈಕಲ್ಲೂ ಬಂತು. ಆದರೆ ಡಿಸೆಂಬರ್ ಬಂದಾಗ ಆ ಸೈಕಲ್ಲು ಶಾಲೆಯ ದಾರಿಯಲ್ಲೇ ಹೋಗುತ್ತದೆಂಬ ಖಾತ್ರಿ ಇರಲಿಲ್ಲ.

ಅದಕ್ಕೆ ಕಾರಣ ಅಡಿಕೆಯ ಗುಣದಲ್ಲೇ ಇದೆ. ನಮ್ಮ ಕಡೆಯದು ಕೆಂಪಡಿಕೆ. ಕಾಯಿ ಬಲಿತು ಹಣ್ಣಾಗುವ ಮುಂಚೆಯೇ ಕೊನೆ ಇಳಿಸಬೇಕು, ಹಣ್ಣಾದರೆ ಅದು ಗೋಟು, ಲೆಕ್ಕವೇ ಬೇರೆ. ಇಳಿಸಿದ ಹಸಿ ಅಡಿಕೆಯನ್ನು ಬೇಗ ಸುಲಿಯಬೇಕು, ಸುಲಿದದ್ದನ್ನು ಚೊಗರು ಹಾಕಿ ಬೇಯಿಸಬೇಕು, ಬೇಯಿಸಿದ್ದನ್ನು ಅಟ್ಟದ ಮೇಲೆ ಹರಡಿ ಒಣಗಿಸಬೇಕು. ಒಂದು ಹಂತ ತಡವಾದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ರೇಟು ಬೀಳುತ್ತದೆ. ಕೊನೆಗಾರನಿಗೆ ಬಿಡುವು ಸಿಕ್ಕ ದಿನವೇ ಕೊಯ್ಲು. ಅವನು ಬಂದ ದಿನ ಇಡೀ ಮನೆ, ಅಕ್ಕಪಕ್ಕದ ಮನೆ ಎಲ್ಲ ಎದ್ದು ನಿಲ್ಲಬೇಕು. ಒಂದೇ ತೋಟಕ್ಕೆ ಮೂರು ನಾಲ್ಕು ಸಲ ಕೊಯ್ಲು ಬರುವುದರಿಂದ ದೀಪಾವಳಿಯ ಆಚೀಚೆ ಶುರುವಾದದ್ದು ಸಂಕ್ರಾಂತಿ ದಾಟಿಯೂ ನಡೆಯುತ್ತದೆ. ಡಿಸೆಂಬರ್ ಅದರ ನಡುಮಧ್ಯ.

ಇದರಲ್ಲಿ ಮಕ್ಕಳ ಪಾಲು ಉದುರಡಿಕೆ ಹೆಕ್ಕುವುದು, ಕೊನೆ ಹೊರುವುದು, ಮತ್ತು ಸುಲಿಯುವುದು. ಸುಲಿಯುವುದಕ್ಕೆ ಮೆಟ್ಟುಗತ್ತಿ. ಮಣೆಯ ಮೇಲೆ ಕಾಲು ಒತ್ತಿ ಕೂತು, ಮೇಲ್ಮುಖವಾದ ಅಲಗಿಗೆ ಕಾಯಿ ಕೊಟ್ಟು ಸಿಪ್ಪೆ ಬಿಡಿಸಬೇಕು. ಕೂಲಿ ದಿನದ ಲೆಕ್ಕದಲ್ಲಲ್ಲ, ಡಬ್ಬದ ಲೆಕ್ಕದಲ್ಲಿ. ಎಷ್ಟು ಡಬ್ಬ ತುಂಬಿದೆಯೋ ಅಷ್ಟು ದುಡ್ಡು. ಹಾಗಾಗಿ ಸುಲಿತ ರಾತ್ರಿಯವರೆಗೂ ಎಳೆಯುತ್ತಿತ್ತು. ಅಂಗಳದ ಚಪ್ಪರದಡಿ ಲಾಟೀನಿನ ಬೆಳಕು, ಸುತ್ತ ಕೂತ ಹೆಂಗಸರು, ಊರಿನ ಸುದ್ದಿಯೆಲ್ಲ ಅಲ್ಲಿಯೇ. ಕೇಳುವವರಿಗೆ ಅದು ಸೊಗಸು. ಮಾರನೇ ದಿನ ಗಣಿತದ ತರಗತಿಯಲ್ಲಿ ಕಣ್ಣು ಮುಚ್ಚಿಹೋಗುವವರಿಗೆ ಅಷ್ಟು ಸೊಗಸಲ್ಲ.

ಹಸಿ ಅಡಿಕೆ ಸುಲಿದ ಬೆರಳು ಕಪ್ಪಾಗುತ್ತದೆ. ಸೋಪಿಗೂ ಹೋಗದ ಕಲೆ, ಚರ್ಮ ಸವೆದು ತಾನಾಗಿಯೇ ಹೋಗಬೇಕು. ಅಮ್ಮ ಹೇಳುವ ಪ್ರಕಾರ ಅವರ ತರಗತಿಯಲ್ಲಿ ಯಾರು ಯಾರ ಮನೆಯವರು ಎಂದು ಡಿಸೆಂಬರ್‌ನಲ್ಲಿ ಹೆಸರು ಕೇಳಬೇಕಿರಲಿಲ್ಲ, ಬೆರಳು ನೋಡಿದರೆ ಸಾಕಿತ್ತು. ತೋಟದ ಯಜಮಾನರ ಮಕ್ಕಳ ಬೆರಳಿಗೂ ಒಂದಿಷ್ಟು ಕಲೆ ಇರುತ್ತಿತ್ತು, ಆಟಕ್ಕೆ ಕೂತು ಸುಲಿದದ್ದು. ಆದರೆ ಕೂಲಿಗೆ ಸುಲಿಯುವ ಮನೆಯ ಮಕ್ಕಳ ಕೈ ಅಂಗೈವರೆಗೂ ಕಪ್ಪು.

ಗದ್ದೆಯ ಕಥೆ ಇನ್ನೂ ಹಳೆಯದು. ಡಿಸೆಂಬರ್ ಭತ್ತ ಕೊಯ್ದು ಕಣಕ್ಕೆ ತರುವ ಕಾಲವೂ ಹೌದು, ಕಣದ ಕೆಲಸ ಮುಗಿದ ಮೇಲೆ ಗೇಣಿ ಅಳೆಯುವ ಕಾಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಶುರುವಾದ ಗೇಣಿದಾರರ ಸತ್ಯಾಗ್ರಹದ ಹಿಂದೆ ಇದ್ದ ತಕರಾರುಗಳಲ್ಲಿ ಒಂದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ್ದು. ಅಲ್ಲಿನ ಗೇಣಿದಾರರನ್ನು ಸಂಘಟಿಸಿದ ಎಚ್. ಗಣಪತಿಯಪ್ಪನವರು ಶಾಲಾ ಮೇಷ್ಟ್ರಾಗಿದ್ದವರು ಎಂಬುದನ್ನು ನಾವು ಸಾಮಾನ್ಯವಾಗಿ ಹೇಳಿ ಮುಂದೆ ಹೋಗಿಬಿಡುತ್ತೇವೆ. ನನಗೆ ಅಲ್ಲಿ ನಿಲ್ಲಬೇಕೆನ್ನಿಸುತ್ತದೆ. ಕೊಳಗ ದೊಡ್ಡದೋ ಚಿಕ್ಕದೋ ಎಂಬುದು ಕೊನೆಗೂ ಲೆಕ್ಕದ ಪ್ರಶ್ನೆ. ಸೇರು, ಕೊಳಗ, ಖಂಡುಗದ ಲೆಕ್ಕ ಹೇಳಿಕೊಡುವ ಶಾಲೆಗೂ ಅದೇ ಕೊಳಗದಲ್ಲಿ ಭತ್ತ ಅಳೆದುಕೊಳ್ಳುವ ಕಣಕ್ಕೂ ನಡುವೆ ಇದ್ದ ದಾರಿಯನ್ನು ಒಬ್ಬ ಮೇಷ್ಟ್ರು ನಡೆದರು. ಆ ಹೋರಾಟದಲ್ಲಿ ನಿಂತ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ತೀರ್ಥಹಳ್ಳಿ ತಾಲ್ಲೂಕಿನ ಆರಗದವರು, 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. ಈ ಮೂರು ತಾಲ್ಲೂಕುಗಳನ್ನು ಒಟ್ಟಿಗೆ ಹೆಸರಿಸಲು ಅದಕ್ಕಿಂತ ಒಳ್ಳೆಯ ಕಾರಣ ನನಗೆ ಬೇಕಿಲ್ಲ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ ನನ್ನ ಅಜ್ಜ ಡಿಕ್ಲರೇಷನ್ ಕೊಟ್ಟ. ಉಳುತ್ತಿದ್ದ ಗದ್ದೆ ಅವನ ಹೆಸರಿಗಾಯಿತು. ಗದ್ದೆ ಬಂದದ್ದರಿಂದ ಅಮ್ಮ ಹೈಸ್ಕೂಲು ಮೆಟ್ಟಿಲು ಹತ್ತಿದಳು ಎನ್ನುವುದು ನಿಜ. ಆದರೆ ಗದ್ದೆ ಉಣ್ಣುವುದಕ್ಕಾಯಿತು, ಕೈಗೆ ಕಾಸು ಬರುವುದಕ್ಕೆ ಅಡಿಕೆ ತೋಟ ಬೇಕು, ಅದು ನಮ್ಮದಾಗಿರಲಿಲ್ಲ. ಹಾಗಾಗಿ ಡಿಸೆಂಬರ್‌ನಲ್ಲಿ ಅಜ್ಜಿಯ ಜೊತೆ ಅಮ್ಮನೂ ಬೇರೆಯವರ ಅಂಗಳಕ್ಕೆ ಸುಲಿಯಲು ಹೋದಳು. ಪುಸ್ತಕ ತೊಗೊಳ್ಳುವ ದುಡ್ಡು ಅಲ್ಲಿಂದಲೇ ಬರಬೇಕಿತ್ತು. ಶಾಲೆಗೆ ಹೋಗಲೆಂದೇ ಶಾಲೆ ಬಿಡಬೇಕಾಗಿದ್ದ ಈ ಲೆಕ್ಕವನ್ನು ಹಾಜರಿ ಪುಸ್ತಕ ಒಂದಕ್ಷರದಲ್ಲಿ ಮುಗಿಸುತ್ತದೆ.

ಶರಾವತಿಯ ಆಚೆಗೆ ಇನ್ನೊಂದು ಬಗೆಯ ಗೈರು ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಸಾಗರ ಮತ್ತು ಹೊಸನಗರದ ಹಳ್ಳಿಗಳು ನೀರಿನಡಿ ಹೋದವು. ಕರೂರು, ಬಾರಂಗಿ ಹೋಬಳಿಯವರಿಗೆ ಸಾಗರ ಪೇಟೆಗೆ ಬರುವುದೆಂದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವುದು ಎಂದಾಯಿತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅಷ್ಟು ವರ್ಷ ಅಲ್ಲಿನ ಹುಡುಗ ಹುಡುಗಿಯರ ಓದು ಲಾಂಚಿನ ಸಮಯಕ್ಕೆ ಕಟ್ಟುಬಿದ್ದಿತ್ತು. ವಿಶೇಷ ತರಗತಿ ಸಂಜೆಗೆ ಇಟ್ಟರೆ ಕೊನೆಯ ಲಾಂಚು ಕಾಯುತ್ತದೆಯೇ?

ಡಿಸೆಂಬರ್‌ಗೆ ಭಯವೂ ಜೊತೆಗಿದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹೆಚ್ಚಾಗುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಉಣುಗು ಮರಿಗಳು ತರಗೆಲೆಯ ಮೇಲೆ ಹರಡುವ ಕಾಲದಲ್ಲಿ. 2018ರ ಕೊನೆಯಲ್ಲಿ ಸಾಗರದ ಅರಳಗೋಡಿನಲ್ಲಿ ಅದು ಸಾವು ತಂದಾಗ ನಾನು ಡಿಗ್ರಿಯಲ್ಲಿದ್ದೆ. ಆ ವರ್ಷ ಊರಿಗೆ ಹೋದರೆ, ಕಾಡುದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳ ಕೈಕಾಲಿಗೆ ಡಿಎಂಪಿ ಎಣ್ಣೆ ಸವರಿ ಕಳಿಸುತ್ತಿದ್ದರು. ಕೊಟ್ಟಿಗೆಗೆ ದರಗು ತರುವ ಕೆಲಸವೂ ಅದೇ ತಿಂಗಳಿನದು, ಅದಕ್ಕೂ ಹೋಗುವವರು ಅದೇ ಮಕ್ಕಳು.

ಇಷ್ಟು ಹೇಳಿದರೆ ಡಿಸೆಂಬರ್ ಬರೀ ದುಡಿತದ ತಿಂಗಳು ಎಂದಾಗುತ್ತದೆ. ಹಾಗಲ್ಲ. ಬಯಲಾಟದ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ. ಮಾರನೇ ದಿನ ತರಗತಿಯಲ್ಲಿ ತೂಕಡಿಸುವವರಲ್ಲಿ ಆಟ ನೋಡಿದವರೂ ಇರುತ್ತಾರೆ, ಮೇಷ್ಟ್ರೂ ಸೇರಿ. ತೀರ್ಥಹಳ್ಳಿಯಲ್ಲಿ ರಾಮೇಶ್ವರ ದೇವರ ಎಳ್ಳಮಾವಾಸ್ಯೆ ಜಾತ್ರೆ, ತುಂಗೆಯಲ್ಲಿ ತೀರ್ಥಸ್ನಾನ, ತೇರು, ತೆಪ್ಪೋತ್ಸವ. ಅದು ಚಂದ್ರನ ಲೆಕ್ಕ. ಎಳ್ಳಮಾವಾಸ್ಯೆ 2022ರಲ್ಲಿ ಡಿಸೆಂಬರ್ 23ಕ್ಕೆ ಬಂತು, ಅದರ ಮುಂದಿನದು 2024ರ ಜನವರಿ 11ಕ್ಕೆ, ಮತ್ತೆ ಅದೇ 2024ರ ಡಿಸೆಂಬರ್ 30ಕ್ಕೆ. ಕ್ರಿಸ್‌ಮಸ್ ಎಂದೂ ಅಲುಗದು, ಜಾತ್ರೆ ಎಂದೂ ಒಂದೆಡೆ ನಿಲ್ಲದು. ವಾರ್ಷಿಕೋತ್ಸವದ ದಿನ ನಿಗದಿ ಮಾಡುವ ಹೆಡ್ಮಾಸ್ತರು ಗೋಡೆಯ ಕ್ಯಾಲೆಂಡರನ್ನೂ ಪಂಚಾಂಗವನ್ನೂ ನೋಡಬೇಕು, ಊರಿನ ದೊಡ್ಡ ತೋಟದ ಕೊಯ್ಲು ಎಂದು ಎಂಬುದನ್ನೂ ಕೇಳಿಕೊಳ್ಳಬೇಕು.

ಪ್ರವಾಸ ಮಾತ್ರ ದುಡ್ಡಿನ ಲೆಕ್ಕ. ಡಿಸೆಂಬರ್ ಮುಗಿಯುವುದರೊಳಗೆ ಶಾಲೆಗಳು ಅದನ್ನು ಮುಗಿಸಿಕೊಳ್ಳುತ್ತವೆ. ನನ್ನ ಒಂಬತ್ತನೇ ತರಗತಿಯಲ್ಲಿ ಬೇಲೂರು, ಹಳೇಬೀಡು, ಶ್ರೀರಂಗಪಟ್ಟಣ, ಮೈಸೂರು. ನಮ್ಮೂರಿನ ಹತ್ತಿರದ ನಗರದ ಕೋಟೆ, ಕವಲೇದುರ್ಗ, ಇಕ್ಕೇರಿ ನೋಡದವರು ಬಸ್ಸು ಹತ್ತಿ ಮೈಸೂರಿನ ಅರಮನೆ ನೋಡಲು ಹೋದೆವು. ಅಮ್ಮ ಕೊಟ್ಟ ನೋಟುಗಳಿಗೆ ಚೊಗರಿನ ವಾಸನೆಯಿತ್ತು. ಆಗಲೂ ಅವಳು ಸುಲಿಯಲು ಹೋಗುತ್ತಿದ್ದಳು, ನನ್ನನ್ನು ಮಾತ್ರ ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ. "ನೀ ಇದ್ರೆ ಡಬ್ಬ ತುಂಬಲ್ಲ, ಮಾತಾಡ್ತೀಯ," ಎನ್ನುತ್ತಿದ್ದಳು. ಅದನ್ನು ನಾನು ಆಗ ನಂಬಿದ್ದೆ.

ಈಗ ನಮ್ಮ ಕಡೆಯ ಅಂಗಳಗಳಲ್ಲಿ ಸುಲಿಯುವ ಯಂತ್ರದ ಸದ್ದು. ಕೊನೆಗಾರರು ಸಿಗುವುದಿಲ್ಲವೆಂದು ದೋಟಿ ಬಂದಿದೆ. ಇತ್ತೀಚಿನ ಹಾಜರಿ ಪುಸ್ತಕಗಳಲ್ಲಿ ಡಿಸೆಂಬರ್‌ನ 'ಗೈ'ಗಳು ಗುಂಪಾಗಿ ಕಾಣುವುದಿಲ್ಲ. ಇದನ್ನು ಶಿಕ್ಷಣದ ಗೆಲುವು ಎಂದು ನನ್ನ ಪ್ರಬಂಧದಲ್ಲಿ ಬರೆಯಬಹುದು. ಯಂತ್ರದ, ಭೂಸುಧಾರಣೆಯ, ಮಧ್ಯಾಹ್ನದ ಊಟದ, ಸೈಕಲ್ಲಿನ ಪಾಲನ್ನೂ ಹಂಚಬಹುದು. ಆದರೆ ಸುಲಿಯಲು ಹೋದ ತಾಯಂದಿರ ಪಾಲನ್ನು ಯಾವ ಕೋಷ್ಟಕದಲ್ಲಿ ಹಾಕುವುದು ಎಂಬುದು ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಅಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಫೇಲಾದಳು, ಮತ್ತೆ ಕಟ್ಟಲಿಲ್ಲ. ಆ ಡಿಸೆಂಬರ್‌ನಲ್ಲಿ ಏನೇನು ಪಾಠ ತಪ್ಪಿತೆಂದು ಕೇಳಿದೆ. ತ್ರಿಕೋನಮಿತಿ ಇರಬೇಕು ಎಂದಳು, ಸರಿಯಾಗಿ ನೆನಪಿಲ್ಲ. ಎಷ್ಟು ಡಬ್ಬ ಸುಲಿದೆ ಎಂಬುದು ಮಾತ್ರ ನೆನಪಿದೆ. ನನ್ನ ಅಧ್ಯಾಯದ ಕರಡನ್ನು ಓದಿ ಹೇಳಿದಾಗ ಒಂದು ಕಡೆ ತಡೆದಳು. ನಾನು "ಡಿಸೆಂಬರ್‌ನಲ್ಲಿ ಗೈರುಹಾಜರಾದ ವಿದ್ಯಾರ್ಥಿನಿಯರು" ಎಂದು ಬರೆದಿದ್ದೆ.

"ಗೈರು ಅಂದ್ರೆ ಎಲ್ಲೂ ಇಲ್ದೇ ಇರೋದು. ನಾವು ಇದ್ವಲ್ಲ, ಸುಲೀತಾ ಇದ್ವಲ್ಲ," ಎಂದಳು.

ಆ ಸಾಲನ್ನು ಹೊಡೆದು ಹಾಕಿದ್ದೇನೆ. ಅದರ ಜಾಗಕ್ಕೆ ಬರೆಯಬೇಕಾದದ್ದು ಇನ್ನೂ ಬಾಕಿ ಇದೆ.